ಶರ್ಮನ್ನಿನ ಐದನೆಯ ಸೈನಿಕ

ಶರ್ಮನ್ ಟ್ಯಾಂಕಿನ ಮಾದರಿಯೊಳಗಿದ್ದ, ಬೆರಳ ತುದಿಯಷ್ಟೇ ಇದ್ದ ಗೊಂಬೆ ಸೈನಿಕ ಕಾಣೆಯಾದ ಬೆಳಿಗ್ಗೆ, ನನ್ನ ಅತ್ತೆ ಸೇವಂತಿ ಕೆಲಸದ ಭಾಗವ್ವನನ್ನು ಮೆಟ್ಟಿಲ ಮೇಲೆ ಎಲ್ಲರೆದುರು ಕಳ್ಳಿ ಎಂದರು.

"ಈ ಮಾತು ಹಬ್ಬಿದ್ರ ಇಡೀ ಆಂಟಾಪ್ ಹಿಲ್ ಏರಿಯಾದಾಗ ನನ್ನ ಯಾರೂ ಮನಿಯೊಳಗ ಬಿಟ್ಕೊಳ್ಳಂಗಿಲ್ರಿ," ಭಾಗವ್ವ ಅಳುತ್ತಿದ್ದಳು.

ಟ್ಯಾಂಕುಗಳು ನನ್ನ ಗಂಡ ಸುಹಾಸನ ಕೈಕೆಲಸ. ಎರಡನೇ ಮಹಾಯುದ್ಧದ ಮೂರು ಮಧ್ಯಮ ಟ್ಯಾಂಕುಗಳ ಮಾದರಿಗಳು. ಕಳೆದ ಚಳಿಗಾಲದಲ್ಲಿ ಅವನೂ ಗೆಳೆಯ ಸುಕೇಶನೂ ಅವನ್ನು ಪುಣೆಯ ಪ್ರದರ್ಶನಕ್ಕೆ ಒಯ್ಯುವಾಗ ಸುಕೇಶನ ಎರಡು ಬಾಗಿಲಿನ ಜೀಪಿಗೆ ಬೆಂಕಿ ಬಿತ್ತು. ಸುಹಾಸ ಪಕ್ಕದ ಸೀಟಿನಲ್ಲಿದ್ದ, ಅವನ ಬಾಗಿಲು ಸಿಕ್ಕಿಕೊಂಡಿತು ಎಂದು ಸುಕೇಶ ಹೇಳಿದ್ದ. ದಾರಿಯ ಜನ ಅವನನ್ನು ಹೊರಗೆಳೆದರು. ಸುಹಾಸ ಒಂದು ಮಾತೂ ಆಡದೆ ಆಸ್ಪತ್ರೆಯಲ್ಲಿ ತೀರಿಕೊಂಡ. ಟ್ಯಾಂಕುಗಳ ಮರದ ಪೆಟ್ಟಿಗೆ ಮಸಿಯೂ ತಾಗದೆ ಮನೆಗೆ ಬಂತು.

ನಾನು ಕೆಳಗಿನ ಮನೆಯ ಗುರುಬಾಯಿಯವರನ್ನು ಕರೆತಂದೆ. ವಿಮಾ ಕಂಪನಿಗೆ ವಾಹನ ಅಪಘಾತಗಳ ತನಿಖೆ ಮಾಡಿ ನಿವೃತ್ತರಾದವರು. ಬಿಲ್ಡಿಂಗಿನ ಎಲ್ಲ ಒಗಟುಗಳೂ ಅವರ ಬಾಗಿಲಿಗೇ ಹೋಗುತ್ತಿದ್ದವು. ಅವರ ಮೊಣಕಾಲು ನೋವಿನಿಂದಾಗಿ ಮೆಟ್ಟಿಲಿಗೆ ನಾನೇ ಜೊತೆ.

ಅವರು ಶರ್ಮನ್ನಿನ ಮೇಲಿನ ತಿರುಗುವ ಗೋಪುರ ಎತ್ತಿ ಮೂಸಿದರು. "ಅಂಟು ಕರಗಸೋ ಥಿನ್ನರ್ ವಾಸನಿ. ನಿನ್ನೆ ಯಾರ್ ಬಂದಿದ್ರು?"

"ಸುಕೇಶ, ಧೂಳು ಒರೆಸಲಿಕ್ಕೆ," ಎಂದರು ಅತ್ತೆ. "ಅವ ನಮ್ಮ ಮನೆಯ ಮಗನ ಹಾಗೆ ಮಾರಾಯ್ರೆ. ಈ ಭಾಗವ್ವನನ್ನು ಕೇಳಿ."

ಅಂದು ಸಂಜೆ ದಾದರಿನಲ್ಲಿ ಸುಹಾಸನ ನೆನಪಿಗಾಗಿ ಈ ಟ್ಯಾಂಕುಗಳ ಪ್ರದರ್ಶನವಿತ್ತು, ಸುಕೇಶ ಅವುಗಳ ಬಗ್ಗೆ ಮಾತಾಡುವವನಿದ್ದ. ಅಷ್ಟರಲ್ಲಿ ಪೆಟ್ಟಿಗೆ ಒಯ್ಯಲು ಸುಕೇಶ ಬಂದ. ಗುರುಬಾಯಿ ಎಲ್ಲರನ್ನೂ ಕೂರಿಸಿದರು.

"ಅಲ್ಲಿ ಏನ್ ಹೇಳ್ತೀಯೋ ತಮ್ಮಾ, ಇಲ್ಲೇ ಹೇಳು. ಮೂರರಾಗ ಯಾವ್ದು ಚಲೋ?"

"ಅದೇ ನನ್ನ, ಸುಹಾಸನ ಪರ್ಮನೆಂಟ್ ಜಗಳ ಆಂಟಿ," ಸುಕೇಶ ನಗಲು ನೋಡಿದ. "ರಷ್ಯದ ಟಿ-34ಕ್ಕೆ ಓರೆ ಕವಚ, ಚಕ್ರಗಳ ಸುತ್ತ ಅಗಲ ಪಟ್ಟಿ. ಕೆಸರಲ್ಲೂ ಓಡುತ್ತದೆ. ಆದರೆ ಒಳಗೆ ಇಕ್ಕಟ್ಟು, ಹೊರಗಿನದು ಸರಿಯಾಗಿ ಕಾಣುವುದಿಲ್ಲ. ಜರ್ಮನರ ಪ್ಯಾಂಜರ್-4ಕ್ಕೆ ಗುರಿ ಒಳ್ಳೆಯದು, ಪಕ್ಕದ ಕವಚ ತೆಳು. ಅಮೆರಿಕದ ಶರ್ಮನ್ ಕೆಟ್ಟು ನಿಲ್ಲುವುದು ಕಡಿಮೆ, ರಿಪೇರಿಯೂ ಸುಲಭ. ಆದರೆ ಎತ್ತರ ಜಾಸ್ತಿ, ದೂರದಿಂದಲೇ ಕಾಣುತ್ತದೆ. ಮತ್ತೆ... ಅಷ್ಟೇ."

ಅಷ್ಟೇ ಅಲ್ಲ ಎಂಬುದು ನನಗೆ ಗೊತ್ತಿತ್ತು. ಸುಕೇಶ ಬಿಟ್ಟ ಮಾತನ್ನೇ ಸುಹಾಸ ಯಾವಾಗಲೂ ಮೊದಲು ಹೇಳುತ್ತಿದ್ದ. "ಆರಂಭದ ಶರ್ಮನ್ನಿನ ಐವರಲ್ಲಿ ಗುಂಡು ತುಂಬುವ ಐದನೆಯವನಿಗೆ ಸ್ವಂತ ಬಾಗಿಲಿರಲಿಲ್ಲ," ಎಂದೆ. "ಬೆಂಕಿ ಬಿದ್ದರೆ ಮುಂದಿನವರು ಹೊರಬೀಳುವವರೆಗೆ ಕಾಯಬೇಕಿತ್ತು."

"ಕಾಣೆಯಾದಾಂವ ಅವನ," ಎಂದರು ಗುರುಬಾಯಿ. "ಕಳ್ಳರು ಅಂಟಿಗೆ ಥಿನ್ನರ್ ಹಚ್ಚಿ, ಹಗೂರಕ ಬಿಡಿಸಿ, ಗೋಪುರ ತಿರಗಿ ಮುಚ್ಚಿ ಹೋಗಂಗಿಲ್ಲ ಸೇವಂತಿಬಾಯಿ. ಆ ಕೆಲಸ ಬಲ್ಲಾಂವ, ಆ ಗೊಂಬಿ ಯಾರು ಅಂತ ಬಲ್ಲಾಂವ, ನಿನ್ನೆ ಬಂದಾಂವ ಒಬ್ಬನ. ಅವಂಗ ಅದನ್ನ ನೋಡಾಕ ಯಾಕ ಆಗಲಿಲ್ಲ?"

ಸುಕೇಶನ ಕೈ ಜೇಬಿನತ್ತ ಹೋಯಿತು. ಗುರುಬಾಯಿ ಮುಂದುವರಿಸಿದರು.

"ಸುಹಾಸ ಮುಂದ ಕುಂತಿದ್ರ ಪೆಟ್ಟಿಗಿ ಹಿಂದ ಇರಬೇಕು. ಎರಡು ಬಾಗಿಲಿನ ಜೀಪಿನಾಗ ಹಿಂದ ಇದ್ದದ್ದು ಬೆಂಕಿಯಾಗ ಉಳೀತಿರ್ಲಿಲ್ಲ. ಕುಲುಕಬಾರದು ಅಂತ ಪೆಟ್ಟಿಗಿ ಮುಂದ ಇಟ್ಟು, ಸುಹಾಸ ಹಿಂದ ಕುಂತ. ಅಲ್ಲಿ ಬಾಗಿಲಿಲ್ಲ. ಹೊರಗ ಬರಾಕ ಮುಂದಿನ ಸೀಟ್ ಯಾರರ ಬಗ್ಗಿಸಬೇಕು."

ಸುಕೇಶ ಜೇಬಿನಿಂದ ಸೈನಿಕನನ್ನು ತೆಗೆದು ಮೇಜಿನ ಮೇಲಿಟ್ಟ. "ಪೆಟ್ಟಿಗೆ ಎಳೆದುಕೊಂಡು ಹಾರಿದೆ. ಅವನೂ ಹಿಂದೆಯೇ ಬರ್ತಾನೆ ಅಂದ್ಕೊಂಡೆ. ತಿರುಗಿ ನೋಡಿದಾಗ ಹತ್ತಿರ ಹೋಗ್ಲಿಕ್ಕೆ ಆಗಲಿಲ್ಲ."

"ಅವನು ಕೂಗಿದನಾ?" ಎಂದು ಕೇಳಿದೆ.

"'ಸೀಟು' ಅಂದ. ಎರಡು ಸಲ."

ಅತ್ತೆ ಕಣ್ಣೊರೆಸಿಕೊಂಡು ಭಾಗವ್ವನತ್ತ ತಿರುಗಿದರು. "ತಪ್ಪಾಯ್ತು ಭಾಗವ್ವ. ನಾಳೆಯಿಂದ ಬಾ."

"ನಿಮ್ಮ ದುಃಖ ನನಗ ತಿಳೀತದ್ರಿ," ಎಂದಳು ಅವಳು. "ಆದ್ರ ಕಳ್ಳಿ ಅಂದದ್ದು ಮಂದಿ ಮುಂದ. ಅಲ್ಲ ಅಂದದ್ದು ಬಾಗಿಲು ಹಾಕ್ಕೊಂಡು."

ಅತ್ತೆ ಎದ್ದರು. ಬಾಗಿಲು ತೆರೆದು ಮೆಟ್ಟಿಲ ಮೇಲೆ ನಿಂತು, ನೆರೆಹೊರೆಯವರನ್ನು ಒಬ್ಬೊಬ್ಬರಾಗಿ ಹೆಸರು ಹಿಡಿದು ಕರೆಯತೊಡಗಿದರು. ನಾನು ಹೋಗಿ ಅವರ ಪಕ್ಕದಲ್ಲಿ ನಿಂತೆ.