ಇಂಜಿನ್ ಇಲ್ಲದ ಜೀಪು

ಮೀನು ಹಿಡಿಯಲು ಹೋದವರಿಗೆ ಮೊದಲು ಕಂಡದ್ದು ಜೀಪಿನ ಟಾಪು.

ಆ ಮೇ ತಿಂಗಳಲ್ಲಿ ಭದ್ರೆಯ ಹಿನ್ನೀರು ಹಿಂದಿನ ಬೇಸಿಗೆಗಳಿಗಿಂತ ತೀರಾ ಕೆಳಗಿಳಿದಿತ್ತು. ನರಸಿಂಹರಾಜಪುರದ ಆಚೆ, ಅಣೆಕಟ್ಟಿಗೂ ಮೊದಲಿದ್ದ ಹಳೇ ರಸ್ತೆ ಕೆಸರಿನಿಂದ ಎದ್ದು ಬಂದಿತ್ತು. ಎರಡೂ ಬದಿಗೆ ಎಷ್ಟೋ ಕಾಲ ನೀರಲ್ಲೇ ನಿಂತಿದ್ದ ಮರದ ಬೊಡ್ಡೆಗಳು. ಹಕ್ಕಿಯೂ ಕೂರದ ಬೊಡ್ಡೆಗಳು. ರಸ್ತೆ ಮುರಿದುಬಿದ್ದ ಕಡೆ, ಹಳ್ಳದೊಳಗೆ, ಮೂತಿ ಕೆಳಗೆ ಮಾಡಿ ಜೀಪು ನಿಂತಿತ್ತು.

ಸಬ್ ಇನ್‌ಸ್ಪೆಕ್ಟರ್ ಅರ್ಪಣಾ ಮೊಣಕಾಲುದ್ದ ಕೆಸರು ತುಳಿದು ಹತ್ತಿರ ಹೋದಳು. ಡ್ರೈವರ್ ಸೀಟಿನಲ್ಲಿ ಮೂಳೆಗಳಿದ್ದವು. ಬುರುಡೆಯ ಹಿಂಭಾಗ ಒಡೆದಿತ್ತು.

ನಂಬರ್ ಪ್ಲೇಟ್ ಒರೆಸಿದ ಕಾನ್‌ಸ್ಟೇಬಲ್ ಬೂತಪ್ಪ ಗಾಡಿಯ ಗುರುತು ಹಿಡಿದ. ಅದು ಕಡಹಿನಬೈಲಿನ ತಿಮ್ಮಣ್ಣನ ಜೀಪು. ಬಾಡಿಗೆ ಓಡಿಸುತ್ತಿದ್ದವನು ಎರಡೂವರೆ ವರ್ಷದ ಹಿಂದೆ ಜೀಪಿನ ಸಮೇತ ಕಾಣೆಯಾಗಿದ್ದ. ಯಾರ ಜೊತೆಗೋ ಓಡಿಹೋದ ಎಂದು ಊರು ಮಾತಾಡಿಕೊಂಡು ಮರೆತಿತ್ತು.

ದಾರಿ ತಪ್ಪಿ ನೀರಿಗೆ ಇಳಿಸಿರಬೇಕು ಎಂದ ಬೂತಪ್ಪ. ಅರ್ಪಣಾ ಬಾನೆಟ್‌ನ ಕೊಂಡಿ ಬಿಡಿಸಿ ಮೇಲೆತ್ತಿದಳು.

ಒಳಗೆ ಕೆಸರು. ಅದು ಬಿಟ್ಟರೆ ಖಾಲಿ. ಇಂಜಿನ್ನೇ ಇರಲಿಲ್ಲ.

"ಇದು ಓಡಿ ಬಂದದ್ದಲ್ಲ ಬೂತಪ್ಪನವರೇ. ಯಾರೋ ಎಳ್ಕೊಂಡು ಬಂದದ್ದು."

ಟಾರ್ಚ್ ಹಾಕಿ ಒಳಗೆಲ್ಲ ನೋಡಿದಳು. ಮುಂದಿನ ಬಂಪರ್ ಬಾಗಿತ್ತು, ಎಡಗಡೆ ಹೆಡ್‌ಲೈಟ್ ಒಡೆದಿತ್ತು. ಟ್ಯಾಂಕಿನಿಂದ ಬರುವ ಡೀಸೆಲ್ ಪೈಪಿನ ಬಾಯಿಗೆ ಮರದ ಸಣ್ಣ ಬೆಣೆ ಬಡಿದಿದ್ದರು. ಬೆಣೆಗೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ ಹುರಿಯಿಂದ ಕಟ್ಟಿದ್ದರು. ಇಷ್ಟು ಕಾಲ ನೀರಲ್ಲಿದ್ದರೂ ಕಟ್ಟು ಸಡಿಲವಾಗಿರಲಿಲ್ಲ. ಅವಳು ಅದರ ಫೋಟೋ ತೆಗೆದುಕೊಂಡಳು.

* * *

ತಿಮ್ಮಣ್ಣನ ಹೆಂಡತಿ ಪ್ರೇಮಕ್ಕ ಸುದ್ದಿ ಕೇಳಿ ಅಳಲಿಲ್ಲ. ಜೀಪು ಸಿಕ್ಕಿತು ಎಂದಾಗ ಮುಖ ಎತ್ತಿ ನೋಡಿದಳು.

"ಅದು ಹ್ಯಾಗೆ ಮೇಡಂ? ಹೋದ ಶುಕ್ರವಾರ ನಮ್ಮನೆ ಎದುರಿಗೇ ಹೋಯ್ತಲ್ಲ."

ಬೂತಪ್ಪ ಬೇರೆ ಕಡೆ ನೋಡಿದ. ಈ ಕತೆ ಊರಿಗೆಲ್ಲ ಗೊತ್ತಿತ್ತು. ಎಂಟು ತಿಂಗಳಿಂದ ಶುಕ್ರವಾರ ಮುಸ್ಸಂಜೆ ಪ್ರೇಮಕ್ಕನಿಗೆ ಗಂಡನ ಜೀಪು ಏರು ಹತ್ತುವ ಸದ್ದು ಕೇಳುತ್ತದೆ. ರಸ್ತೆಗೆ ಓಡಿದರೆ ಜೀಪು ಇರುವುದಿಲ್ಲ, ಯಾರದೋ ಬೇರೆ ಗಾಡಿ ಹೋಗಿರುತ್ತದೆ. ಅಕ್ಕಪಕ್ಕದವರು ತಾಯಿತ ಕಟ್ಟಿಸಿ ಕೊಟ್ಟಿದ್ದರು.

"ಮೂರು ಬಡಿತಕ್ಕೆ ಒಂದು ಬಡಿತ ತಪ್ತದೆ ಅದರದ್ದು" ಎಂದಳು ಪ್ರೇಮಕ್ಕ. "ಹದಿನಾಲ್ಕು ವರ್ಷ ಆ ಸದ್ದು ಕೇಳಿ ಒಲೆ ಮೇಲೆ ಅನ್ನಕ್ಕೆ ಇಟ್ಟವಳು ನಾನು. ನಂಗೆ ತಪ್ಪೂದಿಲ್ಲ."

ಆ ಶುಕ್ರವಾರ ಅರ್ಪಣಾ ಅವಳ ಜಗಲಿಯಲ್ಲಿ ಬಂದು ಕುಳಿತಳು. ಆರೂವರೆ ದಾಟಿತು. ಗಾಳಿ ನಿಂತಿತ್ತು. ಕೆಳಗಿನ ತಿರುವಿನಿಂದ ಸದ್ದು ಎದ್ದಿತು. ಡೀಸೆಲ್ ಇಂಜಿನ್ನಿನ ಭಾರದ ಸದ್ದು. ಮೂರು ಬಡಿತ, ಒಂದು ಬಿಡುವು. ಮತ್ತೆ ಮೂರು ಬಡಿತ, ಒಂದು ಬಿಡುವು. ಅರ್ಪಣಾಳ ತೋಳಿನ ರೋಮ ನಿಮಿರಿತು. ಪಕ್ಕದಲ್ಲಿದ್ದ ಪ್ರೇಮಕ್ಕ ತನಗೇ ಅರಿವಿಲ್ಲದೆ ಎದ್ದು ಅಡಿಗೆಮನೆ ಕಡೆ ನಡೆದಿದ್ದಳು.

ಅರ್ಪಣಾ ರಸ್ತೆಗೆ ಇಳಿದು ಕೈ ಅಡ್ಡ ಹಿಡಿದಳು. ನಿಂತದ್ದು ಹಸಿರು ಬಣ್ಣದ ಗುಂಡು ಮೂತಿಯ ಹಳೇ ಪಿಕಪ್ಪು. ಅರವತ್ತು ವರ್ಷದ ಗಾಡಿ, ಈಗಷ್ಟೇ ಶೋರೂಮಿನಿಂದ ಇಳಿದಂತಿತ್ತು.

* * *

ಓಡಿಸುತ್ತಿದ್ದವನು ಕೊಪ್ಪದ ಹತ್ತಿರದ ನಾರ್ವೆ ಎಂಬ ಹಳ್ಳಿಯ ಯಜ್ಞೇಶ. ಗಾಡಿ ಅವನ ಅಜ್ಜನ ಕಾಲದ್ದು. ಪೆಟ್ರೋಲ್ ಇಂಜಿನ್ ಕೆಟ್ಟು ವರ್ಷಗಟ್ಟಲೆ ಕೊಟ್ಟಿಗೆಯಲ್ಲಿ ನಿಂತಿತ್ತು. ಎಂಟು ತಿಂಗಳ ಹಿಂದೆ ಅದಕ್ಕೆ ಡೀಸೆಲ್ ಇಂಜಿನ್ ಕೂರಿಸಿ, ಅಂದಿನಿಂದ ಶುಕ್ರವಾರ ನರಸಿಂಹರಾಜಪುರದ ತಂಗಿಯ ಮನೆಗೆ ಅದರಲ್ಲೇ ಹೋಗುತ್ತಿದ್ದ.

ಅರ್ಪಣಾ ಬಾನೆಟ್ ಎತ್ತಿಸಿದಳು. ಇಂಜಿನ್ ಕೂರಲೆಂದು ಚಾಸಿಗೆ ಹೊಸ ಬ್ರಾಕೆಟ್ ಬೆಸೆದಿದ್ದರು. ಕೆಲಸ ಅಚ್ಚುಕಟ್ಟು. ಆದರೆ ಇಂಜಿನ್ ನಂಬರ್ ಇರಬೇಕಾದ ಜಾಗವನ್ನು ಉಜ್ಜಿ ನುಣುಪು ಮಾಡಲಾಗಿತ್ತು. ಅದನ್ನು ಕಂಡು ಯಜ್ಞೇಶನ ಮುಖ ಬಿಳಿಚಿತು. ಬೂತಪ್ಪನಿಗೆ ಹಳೆಯದೊಂದು ನೆನಪಾಯಿತು. ಕೊಪ್ಪ ಬಸ್‌ಸ್ಟ್ಯಾಂಡಿನಲ್ಲಿ ಸೈಡ್ ಕೊಡಲಿಲ್ಲ ಎಂದು ಯಜ್ಞೇಶ ತಿಮ್ಮಣ್ಣನ ಕಾಲರ್ ಹಿಡಿದಿದ್ದ.

ಇಂಜಿನ್ ಕೊಟ್ಟದ್ದೂ ಕೂರಿಸಿದ್ದೂ ಕೊಪ್ಪದ ಮೆಕ್ಯಾನಿಕ್ ಗಣಪತಿ ಎಂದು ಯಜ್ಞೇಶ ಆಣೆ ಮಾಡಿ ಹೇಳಿದ. ಗಣಪತಿಯನ್ನು ಕೇಳಿದರೆ, ಹಳೇ ಪೆಟ್ರೋಲ್ ಇಂಜಿನ್ ಬಿಚ್ಚಿದ್ದು, ಹೊಸದು ಕೂರಿಸಿದ್ದು ತಾನೇ, ಆದರೆ ಡೀಸೆಲ್ ಇಂಜಿನ್ ಯಜ್ಞೇಶನೇ ಎಲ್ಲಿಂದಲೋ ತಂದದ್ದು ಎಂದ. ಐವತ್ತು ದಾಟಿದ, ಮೆಲ್ಲಗೆ ಮಾತಾಡುವ ಮನುಷ್ಯ. ಕೈ ಒರೆಸಿಕೊಳ್ಳುತ್ತಲೇ ಉತ್ತರ ಕೊಟ್ಟ.

ಒಬ್ಬನ ಮಾತಿಗೆ ಇನ್ನೊಬ್ಬನ ಮಾತು. ಅರ್ಪಣಾ ಕಾಣೆಯಾದ ಪ್ರಕರಣದ ಫೈಲ್ ತರಿಸಿದಳು. ತಿಮ್ಮಣ್ಣ ಇಂಜಿನ್ ರಿಪೇರಿಗೆಂದು ನವೆಂಬರ್ ಹತ್ತಕ್ಕೆ ಜೀಪನ್ನು ಗಣಪತಿಯ ಗ್ಯಾರೇಜಿನಲ್ಲಿ ಬಿಟ್ಟಿದ್ದ. ಹದಿನಾಲ್ಕರ ಬೆಳಿಗ್ಗೆ ಅದನ್ನು ತರಲು ಬಸ್ಸು ಹತ್ತಿದವನು ಮನೆಗೆ ಬರಲಿಲ್ಲ. ಗಣಪತಿಯ ಹೇಳಿಕೆಯೂ ಇತ್ತು: "ಗಾಡಿ ರೆಡಿಯಾಗಿತ್ತು. ನನ್ನ ಎದುರಿಗೇ ಓಡಿಸಿಕೊಂಡು ಹೋದ."

ಮಾರನೇ ದಿನ ಅವಳು ನಾರ್ವೆಗೆ ಹೋದಳು. ಅಜ್ಜನ ನೆನಪಿಗೆಂದು ಯಜ್ಞೇಶ ಆ ಹಳೇ ಪೆಟ್ರೋಲ್ ಇಂಜಿನ್ನನ್ನು ಇಟ್ಟುಕೊಂಡಿದ್ದ. ಅದಕ್ಕೆ ಹೊದಿಸಿದ್ದ ಗೋಣಿತಾಟು ಸರಿಸಿದಳು. ಪೆಟ್ರೋಲ್ ಪೈಪಿನ ಬಾಯಲ್ಲಿ ಮರದ ಬೆಣೆ. ಸುತ್ತ ಸೈಕಲ್ ಟ್ಯೂಬಿನ ಪಟ್ಟಿ. ಮೇಲೆ ಹುರಿಯ ಕಟ್ಟು, ಅದೇ ಗಂಟು.

* * *

ಗಣಪತಿಯ ಗ್ಯಾರೇಜಿನ ಮೇಜಿನ ಮೇಲೆ ಎರಡೂ ಬೆಣೆಗಳನ್ನು ಅಕ್ಕಪಕ್ಕ ಇಟ್ಟಳು.

"ಯಜ್ಞೇಶರ ಇಂಜಿನ್ ಬಿಚ್ಚಿದ್ದು ನೀವೇ ಅಂದ್ರಿ. ಹಾಗಾದ್ರೆ ಈ ಬೆಣೆ ನಿಮ್ಮದು. ಇನ್ನೊಂದು ತಿಮ್ಮಣ್ಣನ ಜೀಪಲ್ಲಿ ಸಿಕ್ಕಿದ್ದು."

ರಿಪೇರಿಗೆ ಬಂದ ಗಾಡಿಗೆ ಬೆಣೆ ಹಾಕಿದ್ದರಲ್ಲಿ ಎಂತ ವಿಶೇಷ ಎಂದ ಗಣಪತಿ.

"ಬೆಣೆ ಬಡಿದಿದ್ರೆ ಡೀಸೆಲ್ ಹರಿಯೂದಿಲ್ಲ. ಇಂಜಿನ್ ಕೂರಿಸೋವಾಗ ಮೊದಲು ಅದನ್ನ ತೆಗೀಬೇಕು. ತೆಗೆದಿಲ್ಲ ಅಂದ್ರೆ ಇಂಜಿನ್ ತಿರುಗಿ ಕೂರಿಸ್ಲೇ ಇಲ್ಲ. ಮತ್ತೆ ನಿಮ್ಮ ಎದುರಿಗೆ ತಿಮ್ಮಣ್ಣ ಓಡಿಸ್ಕೊಂಡು ಹೋದದ್ದು ಎಂತದನ್ನ?"

ಗಣಪತಿ ಕೈ ಒರೆಸುವುದನ್ನು ನಿಲ್ಲಿಸಿದ.

ಉಳಿದದ್ದನ್ನು ಅರ್ಪಣಾಳೇ ಹೇಳಿದಳು. ನವೆಂಬರ್ ಹನ್ನೊಂದರ ಸಂಜೆ ಜಯಪುರದ ರಸ್ತೆಯಲ್ಲಿ ತರಗೆಲೆ ಹೊರೆ ಹೊತ್ತು ಬರುತ್ತಿದ್ದ ಶೇಷಮ್ಮ ಎಂಬ ಮುದುಕಿಗೆ ಯಾವುದೋ ಗಾಡಿ ಗುದ್ದಿ ಹೋಗಿತ್ತು, ಮುದುಕಿ ಬದುಕಲಿಲ್ಲ. ಗಾಡಿ ಸಿಗಲಿಲ್ಲ. ಅಲ್ಲಿ ಬಿದ್ದಿದ್ದ ಹೆಡ್‌ಲೈಟ್ ಗಾಜನ್ನು ಠಾಣೆಯಲ್ಲಿ ತೆಗೆದಿಟ್ಟಿದ್ದರು. ಅದು ತಿಮ್ಮಣ್ಣನ ಜೀಪಿನ ಒಡೆದ ಲೈಟಿಗೆ ಕೂಡಿತು. ಆ ದಿನ ಜೀಪು ಇದ್ದದ್ದು ಈ ಗ್ಯಾರೇಜಿನಲ್ಲಿ.

ಗಣಪತಿ ಸ್ಟೂಲು ಎಳೆದು ಕುಳಿತ. ಆಮೇಲೆ ಒಂದೊಂದಾಗಿ ಹೇಳಿದ. ಇಂಜಿನ್ನಿನ ದೋಷ ಕಿವಿಯಲ್ಲಿ ಕೇಳಲೆಂದು ಜೀಪು ಓಡಿಸಿದ್ದ. ರಸ್ತೆ ಬಿಟ್ಟು ಸದ್ದಿನ ಮೇಲೆ ಗಮನವಿತ್ತು. ಹದಿನಾಲ್ಕಕ್ಕೆ ತಿಮ್ಮಣ್ಣ ಬಂದಾಗ ಇಂಜಿನ್ ಬಿಚ್ಚಿ ಕೆಳಗಿಟ್ಟಾಗಿತ್ತು. ಅವನು ಬಾಗಿದ ಬಂಪರ್ ಕಂಡ, ಅದರಲ್ಲಿ ಸಿಕ್ಕಿದ್ದ ಸೀರೆಯ ಚೂರು ಕಂಡ. ಸ್ಟೇಷನ್‌ಗೆ ಹೋಗುವ, ನಾನೂ ಜೊತೆಗೆ ಬರ್ತೇನೆ ಎಂದ. ತಿರುಗಿ ಬಾಗಿಲ ಕಡೆ ನಡೆದವನ ತಲೆಗೆ ಗಣಪತಿ ಜಾಕಿನ ರಾಡ್‌ನಿಂದ ಹೊಡೆದ. ಕೆಟ್ಟ ಗಾಡಿಯ ಮುಂಭಾಗ ಎತ್ತಿ ಕಟ್ಟಿ ಮೆಕ್ಯಾನಿಕ್ ಎಳೆದುಕೊಂಡು ಹೋದರೆ ಯಾರೂ ತಿರುಗಿ ನೋಡುವುದಿಲ್ಲ. ನೋಡಲಿಲ್ಲ. ಹಳೇ ರಸ್ತೆ ಹಿನ್ನೀರಿಗೆ ಇಳಿಯುವಲ್ಲಿ ಹೆಣವನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ ಜೀಪನ್ನು ನೀರಿಗೆ ತಳ್ಳಿದ.

"ಇಂಜಿನ್ನನ್ನೂ ನೀರಿಗೆ ಹಾಕಿದ್ರೆ ಮುಗೀತಿತ್ತಲ್ಲ" ಎಂದಳು ಅರ್ಪಣಾ.

"ಒಳ್ಳೇ ಇಂಜಿನ್ ಮೇಡಂ" ಎಂದ ಗಣಪತಿ. "ಹಾಳು ಮಾಡ್ಲಿಕ್ಕೆ ಮನಸ್ಸು ಬರ್ಲಿಲ್ಲ."

* * *

ಪ್ರಯೋಗಾಲಯದವರು ಉಜ್ಜಿದ ಜಾಗದಲ್ಲಿ ಅಂಕಿಗಳನ್ನು ಮತ್ತೆ ಎಬ್ಬಿಸಿದರು. ತಿಮ್ಮಣ್ಣನ ಆರ್‌ಸಿ ಪುಸ್ತಕದಲ್ಲಿದ್ದ ಅಂಕಿಗಳೇ. ಯಜ್ಞೇಶ ಪಿಕಪ್ಪನ್ನು ಠಾಣೆಯ ಅಂಗಳದಲ್ಲಿ ಬಿಟ್ಟು ಬಸ್ಸಿನಲ್ಲಿ ಊರಿಗೆ ಹೋದ.

ಅರ್ಪಣಾ ಕಡಹಿನಬೈಲಿಗೆ ಹೋಗಿ ಪ್ರೇಮಕ್ಕನಿಗೆ ಎಲ್ಲವನ್ನೂ ಹೇಳಿದಳು, ಏನನ್ನೂ ಮುಚ್ಚಿಡಲಿಲ್ಲ. ಮುದುಕಿಯ ವಿಷಯಕ್ಕೆ ಗಂಡ ಸ್ಟೇಷನ್‌ಗೆ ಹೊರಟಿದ್ದ ಎಂಬಲ್ಲಿ ಪ್ರೇಮಕ್ಕ ತಲೆ ಆಡಿಸಿದಳು. ಅವಳಿಗೆ ಅದು ಹೊಸದಾಗಿ ಕೇಳಿಸಲಿಲ್ಲ. ಅವನು ಅಂಥವನೇ.

"ಹದಿನಾಲ್ಕೇ ಅಂತ ಖಂಡಿತವಾ ಮೇಡಂ?"

"ಖಂಡಿತ. ಭಾನುವಾರ. ಬೆಳಿಗ್ಗೆ ಹತ್ತರ ಹೊತ್ತಿಗೆ."

ಪ್ರೇಮಕ್ಕ ಒಳಗೆ ಹೋದಳು. ಕಪಾಟಿನಲ್ಲಿ ಏನನ್ನೋ ಹುಡುಕುವ ಸದ್ದು ಬಂತು. ಆ ವರ್ಷದ ಪಂಚಾಂಗ ಹಿಡಿದು ಹೊರಗೆ ಬಂದು ಅರ್ಪಣಾಳ ಮುಂದೆ ಚಾಚಿದಳು.

"ತಿಥಿ ಯಾವುದು ನೋಡಿ ಹೇಳಿ. ಅಕ್ಷರ ಸಣ್ಣದು, ನಂಗೆ ಕಾಣ್ತಿಲ್ಲ" ಎಂದಳು. ಅವಳ ಕಣ್ಣು ಅಷ್ಟು ಹೊತ್ತಿಗೆ ತುಂಬಿತ್ತು.