ಬಾಲ್ಕನಿಯಿಂದ ಬಂದ ಕೂಗು

"ಫಿಲುಮೇ…! ಏ ಫಿಲುಮೇ…!"

ಮೇಲಿನಿಂದ ಕೂಗು ಬಂದದ್ದೇ ತಡ, ಫಿಲೊಮೆನಾ ಮುರುಕು ಕಂಬವೊಂದರ ಹಿಂದೆ ಸರಿದುಕೊಂಡಳು.

ಎರಡು ಸಾವಿರ ವರ್ಷದ ಹಿಂದೆ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋಗಿದ್ದ, ಈಗ ಅವಳು ನಿಂತಿದ್ದ ಹಳೆಯ ಊರು ದೊಡ್ಡ ಗುಂಡಿಯೊಳಗಿತ್ತು. ಇಟಲಿಯ ಈಗಿನ ಎರ್ಕೊಲಾನೊ ಊರಿರುವುದು ಆ ಗುಂಡಿಯ ಅಂಚಿನ ಮೇಲೆ. ಅಂಚಿಗೆ ಅಂಟಿಕೊಂಡೇ ಗಾರೆ ಉದುರಿದ ಮನೆಗಳು, ಅವುಗಳ ಬಾಲ್ಕನಿ ತುಂಬ ಒಣಗಲು ಹಾಕಿದ ಚಡ್ಡಿ, ಬನೀನು, ಹೊದಿಕೆಗಳು. ಅವುಗಳ ನಡುವೆ ಅಜ್ಜಿ ನಿಂತಿದ್ದಳು.

"ಯಾರೇ ಅದು, ಹಂಗೆ ಕಿರುಚ್ತಿರೋದು?" ಲವೀನಿಯಾ ಕತ್ತೆತ್ತಿ ನೋಡಿದಳು.

"ಯಾರೋ ಏನೋ, ನಂಗೊತ್ತಿಲ್ಲ. ಬಾ, ಆ ಕಡೆ ಹೋಗೋಣ."

ಲವೀನಿಯಾ ದೂರದ ಉತ್ತರ ಇಟಲಿಯ ಬೆರ್ಗಮೊದವಳು. ಅವಳ ತರಗತಿಗೂ ಫಿಲೊಮೆನಾಳ ತರಗತಿಗೂ ಶಾಲೆಯ ಕಂಪ್ಯೂಟರಿನಲ್ಲಿ ಗೆಳೆತನವಾಗಿತ್ತು. ಇವತ್ತು ಎರಡೂ ತರಗತಿಗಳು ಸೇರಿ ಹಳೆಯ ಊರನ್ನು ನೋಡುವುದು, ಆಮೇಲೆ ಇಲ್ಲಿನ ಒಬ್ಬೊಬ್ಬರೂ ಅಲ್ಲಿನ ಒಬ್ಬೊಬ್ಬರನ್ನು ಊಟಕ್ಕೆ ಮನೆಗೆ ಕರೆದೊಯ್ಯುವುದು ಎಂದು ಮಾತಾಗಿತ್ತು.

ಕಂಪ್ಯೂಟರಿನಲ್ಲಿ ಫಿಲೊಮೆನಾ ತನ್ನ ಹೆಸರು ಮೆನಾ ಎಂದಿದ್ದಳು. ಫಿಲೊಮೆನಾ, ಬೀದಿಯವರ ಬಾಯಲ್ಲಿ ಫಿಲುಮೆ, ಅಂದರೆ ಅಜ್ಜಿಯ ಹೆಸರು. ಇಲ್ಲಿ ಮೊಮ್ಮಕ್ಕಳಿಗೆ ಅದನ್ನೇ ಇಡುತ್ತಾರೆ, ಏನು ಮಾಡುವುದು? ಜೊತೆಗೆ, ನಮ್ಮದು ತುಂಬ ಶಾಂತವಾದ ಬೀದಿ ಎಂದೂ ಹೇಳಿಬಿಟ್ಟಿದ್ದಳು. ಅಜ್ಜಿಗೆ ಜ್ವರ ಎಂದು ಹೇಳಿ ಊಟ ತಪ್ಪಿಸುವುದು ಅವಳ ಯೋಚನೆ. ಈಗ ನೋಡಿದರೆ ಜ್ವರ ಬಂದ ಅಜ್ಜಿ ಊರಿಗೇ ಕೇಳುವಂತೆ ಕೂಗುತ್ತಿದ್ದಾಳೆ!

"ಫಿಲುಮೇ! ತಿಂಡಿ ಡಬ್ಬಿ ಬಿಟ್ಟು ಹೋಗಿದ್ದೀಯಲ್ಲೇ! ಎಲ್ಲಿದ್ದೀಯೇ?"

ಸಬಾತೊ ಹಲ್ಲು ಕಿರಿಯುತ್ತ ಹತ್ತಿರ ಬಂದ. ಅವನು ಅದೇ ಬೀದಿಯ ಹುಡುಗ. "ಲೇ, ನಿಮ್ಮಜ್ಜಿ…"

"ಬಾಯ್ಮುಚ್ಚೋ!" ಫಿಲೊಮೆನಾ ಅವನ ಕಾಲು ತುಳಿದಳು.

ಅವರ ಬೀದಿಯಲ್ಲಿ ಒಂದು ರೂಢಿಯಿದೆ. ಬಾಲ್ಕನಿಯಿಂದ ಯಾರಾದರೂ ಕರೆದರೆ ಓಗೊಡಬೇಕು. ಓಗೊಡದಿದ್ದರೆ ಪಕ್ಕದ ಬಾಲ್ಕನಿಯವರು ಕೂಗುತ್ತಾರೆ. ಆಗಲೂ ಉತ್ತರವಿಲ್ಲದಿದ್ದರೆ ಅದರಾಚೆಯವರು. ಫಿಲೊಮೆನಾಳಿಗೆ ಇದು ಗೊತ್ತಿಲ್ಲದ್ದೇನಲ್ಲ. ಆದರೂ ಅಜ್ಜಿ ಸುಸ್ತಾಗಿ ಒಳಗೆ ಹೋಗಬಹುದು ಎಂದುಕೊಂಡಳು.

ಅಜ್ಜಿ ಹೋಗಲಿಲ್ಲ. ಕೆಳಗಿನ ಮನೆಯ ತಿತೀನಾ ಹೊರಗೆ ಬಂದು "ಫಿಲುಮೇ!" ಎಂದಳು. ಅವಳ ಪಕ್ಕದಿಂದ ಒಂದು ಗಡಸು ದನಿ "ಫಿಲುಮೇ!" ಎಂದಿತು. ಒಂದೊಂದೇ ಬಾಲ್ಕನಿಯಲ್ಲಿ ಬಟ್ಟೆ ಸರಿಸಿ ತಲೆಗಳು ಹೊರಬಂದವು.

ಟೀಚರ್ ಮಕ್ಕಳನ್ನು ಹಳೆಯ ಕಡಲದಡದ ಕಮಾನುಗಳ ಮುಂದೆ ನಿಲ್ಲಿಸಿದರು. "ಬೆಟ್ಟ ಸಿಡಿದ ದಿನ ಜನ ಓಡಿ ಬಂದು, ದೋಣಿಗಾಗಿ ಇಲ್ಲೇ ಕಾದರು…" ಎಂದು ಶುರುಮಾಡಿದ್ದರಷ್ಟೇ.

"ಫಿಲುಮೇ…!" ಎಂದಿತು ಬೀದಿಗೆ ಬೀದಿಯೇ. ಬೆರ್ಗಮೊದ ಮಕ್ಕಳು ಕಿಸಕಿಸ ನಕ್ಕರು. ಟೀಚರ್ ಹಣೆ ಒತ್ತಿಕೊಂಡರು.

"ಪಾಪ, ಯಾರೋ ಕಳೆದುಹೋಗಿದ್ದಾರೆ ಅನ್ಸುತ್ತೆ" ಎಂದಳು ಲವೀನಿಯಾ.

ಅಷ್ಟರಲ್ಲಿ ಮೇಲಿನ ರಸ್ತೆಯಲ್ಲಿ ಹಣ್ಣಿನ ಗಾಡಿಯ ಸ್ಪೀಕರ್ ಗೊರಗೊರ ಅಂದಿತು. ದಿನವೂ ಕಿತ್ತಳೆ, ಕಿತ್ತಳೆ ಎಂದು ಒದರುವ ಸ್ಪೀಕರ್ ಅದು. ಇವತ್ತು ಅದು ಬೇರೆಯೇ ಹೇಳಿತು: "ಕೇಳ್ರಪ್ಪೋ ಕೇಳ್ರಿ! ಫಿಲುಮೆ ಕಾಣಿಸ್ತಿಲ್ಲ! ನೀಲಿ ಜಾಕೆಟ್ಟು, ಎರಡು ಜಡೆ! ಕಂಡೋರು ಹೇಳ್ರಿ!"

ಲವೀನಿಯಾ ನಿಧಾನಕ್ಕೆ ತಿರುಗಿ ನೀಲಿ ಜಾಕೆಟ್ಟನ್ನೂ ಎರಡು ಜಡೆಗಳನ್ನೂ ನೋಡಿದಳು.

ಫಿಲೊಮೆನಾಳ ಮುಖ ಕಿವಿಯವರೆಗೂ ಬಿಸಿಯಾಯಿತು. ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ತಲೆ ಎತ್ತಿದಾಗ ಅಜ್ಜಿ ಕಂಡಳು. ಕಂಬಿಯ ಮೇಲೆ ಬಾಗಿ ಈ ಕಡೆ, ಆ ಕಡೆ ಹುಡುಕುತ್ತಿದ್ದಳು. ಅಜ್ಜಿಯ ಕಣ್ಣಿಗೆ ಪೊರೆ ಬಂದಿತ್ತು. ಕೆಳಗಿನ ಮಕ್ಕಳೆಲ್ಲ ಅವಳಿಗೆ ಬರೀ ಬಣ್ಣದ ಚುಕ್ಕೆಗಳು. ಈಗ ಅವಳು ತಿಂಡಿಯ ಮಾತನ್ನೇ ಎತ್ತುತ್ತಿರಲಿಲ್ಲ. ಬರೀ ಹೆಸರನ್ನು ಕೂಗುತ್ತಿದ್ದಳು, ಅದೂ ಒಡೆದ ದನಿಯಲ್ಲಿ.

"ಇಲ್ಲಿದ್ದೀನಿ ಅಜ್ಜೀ!" ಫಿಲೊಮೆನಾ ಕಿರುಚಿದಳು. "ಇಲ್ಲೇ ಇದ್ದೀನೀ!"

"ಸಿಕ್ಕಳು!" ಎಂದಳು ತಿತೀನಾ. "ಸಿಕ್ಕಳಂತೆ!" ಎಂದಿತು ಮುಂದಿನ ಬಾಲ್ಕನಿ. ಸುದ್ದಿ ಬೀದಿಯುದ್ದಕ್ಕೂ ಹೋಯಿತು, ಸ್ಪೀಕರ್ ಮತ್ತೆ ಕಿತ್ತಳೆಗೆ ತಿರುಗಿತು. ಅಜ್ಜಿ ಕಂಬಿ ಬಿಟ್ಟು ಒಳಗೆ ಹೋದಳು.

"ನೀನು ಮೆನಾ ಅಲ್ವಾ?" ಲವೀನಿಯಾ ಕೇಳಿದಳು.

"ಎರಡೂ ನಾನೇ" ಎಂದಳು ಫಿಲೊಮೆನಾ, ಅವಳ ಮುಖ ನೋಡದೆ.

ಇನ್ನು ಜ್ವರದ ಕತೆ ನಡೆಯುವಂತಿರಲಿಲ್ಲ. ಊಟದ ಹೊತ್ತಿಗೆ ಇಬ್ಬರೂ ಆ ಬೀದಿಯನ್ನೇ ಹಿಡಿದು ಹೋದರು. ಮಾರಾಟಕ್ಕಿಟ್ಟ ಹಳೇ ಬಟ್ಟೆಗಳ ರಾಶಿ, ಮುರಿದ ಮೆಟ್ಟಿಲು, ಪೆಪ್ಪೆಂದು ಹಾರ್ನ್ ಹೊಡೆಯುವ ಸ್ಕೂಟರುಗಳು. ದಾರಿಯಲ್ಲಿ ಸಿಕ್ಕವರೆಲ್ಲ "ಎಲ್ಲಿ ಸತ್ತಿದ್ಯೇ?" ಎಂದು ಗದರಿದರು. ಲವೀನಿಯಾ ಎಲ್ಲವನ್ನೂ ಕಣ್ಣರಳಿಸಿ ನೋಡುತ್ತ ಬಂದಳು. ಅದೇ ಫಿಲೊಮೆನಾಳಿಗೆ ಹೆಚ್ಚು ಕಷ್ಟವಾಯಿತು.

ಅಜ್ಜಿ ಅಡುಗೆಮನೆಯ ಕುರ್ಚಿಯಲ್ಲಿ ಕೂತಿದ್ದಳು. ಬೈಯಲು ಬಾಯಿ ತೆರೆದಳು, ಬರೀ ಗಾಳಿ ಬಂತು. ಕೂಗಿ ಕೂಗಿ ಗಂಟಲು ಪೂರ್ತಿ ಕಟ್ಟಿಹೋಗಿತ್ತು. ಕೈಸನ್ನೆಯಲ್ಲೇ ಲವೀನಿಯಾಳನ್ನು ಕೂರಿಸಿದಳು. ಮೇಜಿನ ಮೇಲೆ ಬೇಳೆಯ ಸಾರು ಹಬೆಯಾಡುತ್ತಿತ್ತು, ಬ್ರೆಡ್ ಮಾತ್ರ ಇರಲಿಲ್ಲ. ಅಜ್ಜಿ ಬಾಲ್ಕನಿಯ ಕಡೆ ಬೆರಳು ತೋರಿಸಿದಳು. ತಿತೀನಾಳನ್ನು ಕರೆದು ಹೇಳಬೇಕು, ಬಾಲ್ಕನಿಯಿಂದ ಹಗ್ಗ ಕಟ್ಟಿ ಇಳಿಬಿಟ್ಟ ಬುಟ್ಟಿಗೆ ಅವಳು ಬ್ರೆಡ್ ಹಾಕಿ ಕೊಡುತ್ತಾಳೆ.

ಫಿಲೊಮೆನಾ ಬಾಲ್ಕನಿಗೆ ಹೋದಳು. ಕೆಳಗೆ ಹಳೆಯ ಊರಿನಲ್ಲಿ ಬೇರಾವುದೋ ಶಾಲೆಯವರು ಫೋಟೋ ತೆಗೆಯುತ್ತಿದ್ದರು. ಲವೀನಿಯಾ ಬೆನ್ನ ಹಿಂದೆ ಬಂದು ನಿಂತಳು.

"ತಿತೀನಕ್ಕಾ!"

ಉತ್ತರ ಬರಲಿಲ್ಲ.

"ತಿತೀನಕ್ಕಾ…!" ಈ ಸಲ ಹೊಟ್ಟೆಯಿಂದ ಕೂಗಿದಳು. ಕೆಳಗಿನ ಮಕ್ಕಳು ತಲೆ ಎತ್ತಿ ನೋಡಿದರು, ಯಾರೋ ನಕ್ಕರು. ಫಿಲೊಮೆನಾ ಅತ್ತ ನೋಡಲಿಲ್ಲ. ಈಗ ತಾನೇ ಮೆಟ್ಟಿಲಲ್ಲಿ ಗದರಿದವಳು ತಿತೀನಾ. ಅಷ್ಟರಲ್ಲಿ ಎಲ್ಲಿ ಹೋದಳು? ಬಿದ್ದಳೇ? ಒಲೆ ಹಚ್ಚಿಟ್ಟು ಏನಾದರೂ ಆಯಿತೇ? ಕಂಬಿಯ ಮೇಲೆ ಬಾಗಿ ಈ ಕಡೆ, ಆ ಕಡೆ ನೋಡಿದಳು.

"ಏನೇ? ಸ್ನಾನ ಮಾಡ್ತಿದ್ದೆ ಕಣೇ!" ಕೆಳಗಿನಿಂದ ದನಿ ಬಂತು.

"ಬ್ರೆಡ್ ಬೇಕಿತ್ತು ತಿತೀನಕ್ಕಾ!" ಎಂದಳು ಫಿಲೊಮೆನಾ. ತಿರುಗಿ ಒಳಗೆ ನೋಡಿದಳು. ಅಜ್ಜಿ ಕತ್ತಿಗೆ ಶಾಲು ಸುತ್ತಿಕೊಂಡು ಕೂತಿದ್ದಳು. ತಾನು ಕರೆದದ್ದು ಎರಡೇ ಸಲ; ಅಜ್ಜಿ ಗಂಟಲು ಕಟ್ಟುವವರೆಗೂ ಕರೆದಿದ್ದಳು.