ನೀಲಿ ಕೈಯವಳು

"ನನ್ನನ್ನೂ ಒಂದ್ಸಲ ತಟ್ಟಿ ನೋಡು. ಟಣ್ ಅಂತೀನೋ ಇಲ್ವೋ ಗೊತ್ತಾಗುತ್ತೆ."

ಶಾಜ್ಲಿ ಹಾಗೆಂದಾಗ ಇನ್ಶಿರಾಹ್ ಕೈಯಲ್ಲಿ ಪುಟ್ಟ ಸುತ್ತಿಗೆಯಿತ್ತು. ಎದುರಿಗೆ ಹಡಗಿನ ಬೇರಿಂಗಿನ ಅರ್ಧ ಹೋಳು. ಸವೆದುಹೋಗಿದ್ದ ಒಳಪದರವನ್ನು ಕರಗಿಸಿ ತೆಗೆದು, ಅವಳ ಅಪ್ಪ, ಕಸುಬಿನ ಹಿರಿಯನೆಂದು ಎಲ್ಲರೂ ಉಸ್ತಾ ಎನ್ನುವ ಮೆತ್ವಲ್ಲಿ, ಹೊಸದಾಗಿ ಬಿಳಿ ಲೋಹ ಎರೆದಿದ್ದ. ಹೊರಗಿನ ಗಟ್ಟಿ ಚಿಪ್ಪಿಗೂ ಈ ಲೋಹಕ್ಕೂ ಸರಿಯಾಗಿ ಬೆಸುಗೆ ಬಿದ್ದಿದ್ದರೆ ತಟ್ಟಿದಾಗ ಗಂಟೆಯ ಹಾಗೆ ದನಿ ಬರುತ್ತದೆ. ಒಳಗೆ ಎಲ್ಲೋ ಬಿಟ್ಟುಕೊಂಡಿದ್ದರೆ ಸದ್ದು ಮಂಕಾಗುತ್ತದೆ.

"ನಿನ್ನೊಳಗೆ ಬರೀ ಟೊಳ್ಳು. ತಟ್ಟೋದು ದಂಡ" ಎಂದಳು ಅವಳು ಕಣ್ಣೆತ್ತದೆ. ತುಟಿಯಂಚಿನ ನಗು ಮಾತ್ರ ಅಡಗಲಿಲ್ಲ. ಅವನು ಅದನ್ನು ನೋಡಿದ, ನೋಡಿದ್ದು ಅವಳಿಗೂ ಗೊತ್ತಾಯಿತು.

ಆದರೆ ಆ ಬೆಳಿಗ್ಗೆ ಅವನು ಮರಳಿ ನಗಲಿಲ್ಲ. ಸುಯೆಜ್ ಬಂದರಿಗೆ ಬರುವ ಹಡಗುಗಳ ಎಂಜಿನ್‌ಗೆ ಬೇರಿಂಗ್ ಕೂರಿಸುವುದು ಅವನ ಕಸುಬು. ಈ ಹಡಗಿನ ಮುಖ್ಯ ಎಂಜಿನಿಯರಿಗೆ ಅವನ ಕೆಲಸ ಹಿಡಿಸಿಬಿಟ್ಟಿತ್ತು. ನಮ್ಮ ಜೊತೆಗೇ ಬಂದುಬಿಡು ಎಂದು ಕರೆದಿದ್ದ. ಬೇರಿಂಗ್ ಕೂತರೆ ಸಂಜೆಗೇ ಲಂಗರು ಎತ್ತುತ್ತಾರೆ ಎಂದ ಶಾಜ್ಲಿ.

"ನೀನು ಮದುವೆಗೆ ಹೂಂ ಅಂದ್ರೆ ಇಲ್ಲೇ ಇರ್ತೀನಿ. ಇಲ್ಲ ಅಂದ್ರೂ ತಡ್ಕೋತೀನಿ. ಏನೂ ಹೇಳದೆ ಹಿಂಗೆ ಕೊಲ್ಬೇಡ ಕಣೆ."

ಹೂಂ ಎನ್ನಲು ಅವಳ ಜೀವ ತುಡಿಯುತ್ತಿತ್ತು. ಹಾಳು ನಾಲಿಗೆ ಏಳಲಿಲ್ಲ.

ಅವನು ಕೆಲಸ ಮುಗಿದಿದ್ದ ಕೆಳಹೋಳನ್ನು ಭುಜಕ್ಕೇರಿಸಿದ. "ಮೇಲಿನ ಹೋಳು ತಗೊಂಡ್ಹೋಗೋಕೆ ಬೇರೆ ಯಾರನ್ನಾದ್ರೂ ಕಳಿಸ್ತೀನಿ" ಎಂದು ಹೇಳಿ, ತಿರುಗಿ ನೋಡದೆ ನಡೆದುಬಿಟ್ಟ.

ಇನ್ಶಿರಾಹ್‌ಳ ಬಾಯಿ ಕಟ್ಟಿದ್ದು ಅವನ ತಾಯಿ ದೌಲತ್. ದೂರದ ದಕ್ಷಿಣದ ಕಿನಾ ಕಡೆಯ ಹಳ್ಳಿಯಿಂದ ಬಂದ ವಿಧವೆ, ಒಬ್ಬಳೇ ನಿಂತು ಮಗನನ್ನು ಬೆಳೆಸಿದವಳು. ಅವಳ ಊರಿನಲ್ಲಿ ಸಾವಾದರೆ ಹೆಂಗಸರು ಮುಖಕ್ಕೂ ಕೈಗೂ ನೀಲಿ ಬಳಿದುಕೊಂಡು ಅಳುತ್ತಾರೆ. ಇನ್ಶಿರಾಹ್‌ಳ ಕೆಲಸವೇ ನೀಲಿಯದು. ಶಾಫ್ಟಿಗೆ ನೀಲಿ ಸವರಿ, ಅದರ ಮೇಲೆ ಬೇರಿಂಗ್ ಇಟ್ಟು ತಿರುಗಿಸಿದರೆ, ಎಲ್ಲಿ ಉಬ್ಬಿದೆಯೋ ಅಲ್ಲಿ ನೀಲಿ ಅಂಟುತ್ತದೆ. ಆ ಉಬ್ಬನ್ನು ಹೆರೆದು ಮತ್ತೆ ಸವರಿ ಮತ್ತೆ ಹೆರೆಯಬೇಕು. ಆ ಬಣ್ಣ ಸೀಮೆಎಣ್ಣೆಗೂ ಬಗ್ಗುವುದಿಲ್ಲ, ನಿಂಬೆಹುಳಿಗೂ ಬಗ್ಗುವುದಿಲ್ಲ. ಅಕ್ಕಪಕ್ಕದ ಮನೆಯ ಮದುವೆಯೊಂದರಲ್ಲಿ ದೌಲತ್ ಅವಳ ಉಗುರು ನೋಡಿ, ಎಲ್ಲರಿಗೂ ಕೇಳುವ ಹಾಗೆ ಅಂದಿದ್ದಳು: "ನೀಲಿ ಕೈಯವಳು ಕಾಲಿಟ್ಟ ಮನೇಲಿ ಹೆಣ ಬೀಳುತ್ತೆ."

ಶಾಜ್ಲಿಗೆ ಇದು ಗೊತ್ತಿಲ್ಲ. ತಾಯಿ ಮಗನ ನಡುವೆ ಕಡ್ಡಿ ಗೀರಲು ಅವಳಿಗೆ ಮನಸ್ಸೂ ಇರಲಿಲ್ಲ.

ಮೇಲಿನ ಹೋಳನ್ನು ಎಳೆದುಕೊಂಡು ಹೆರೆಯಲು ಕೂತಳು. ನಿಧಾನ ಮಾಡಿದಷ್ಟೂ ಹಡಗು ನಿಲ್ಲುತ್ತದೆ ಎಂಬ ಹುಚ್ಚು ಆಸೆ ಒಂದು ಕಡೆ, ಕಲಿತ ಕೈ ತನ್ನ ಪಾಡಿಗೆ ಸರಸರ ಓಡುವುದು ಇನ್ನೊಂದು ಕಡೆ. ಅಷ್ಟರಲ್ಲಿ ಅಳು ಬಂತು. ಒರೆಸಿಕೊಂಡಳು. ಮತ್ತೆ ಬಂತು, ಹಸಿ ನೀಲಿಯ ಕೈಯಲ್ಲೇ ಮತ್ತೆ ಒರೆಸಿಕೊಂಡಳು. ತನ್ನ ಮುಖ ಏನಾಗಿದೆ ಎಂಬ ಪರಿವೆಯೇ ಅವಳಿಗಿರಲಿಲ್ಲ.

ಮಗ ಹಡಗು ಹತ್ತುತ್ತಾನೆಂಬ ಸುದ್ದಿ ಯಾರದೋ ಬಾಯಿಂದ ಕೇಳಿ ದೌಲತ್ ಧಾವಿಸಿ ಬಂದದ್ದು ಆಗಲೇ. ಹೊಸ್ತಿಲಲ್ಲೇ ಕಲ್ಲಾಗಿ ನಿಂತಳು. ಕೆನ್ನೆ, ಹಣೆ, ಕೈ ಎಲ್ಲ ನೀಲಿ ಬಳಿದುಕೊಂಡು ಬಿಕ್ಕುತ್ತಿರುವ ಹುಡುಗಿ.

"ನನ್ನ ಮಗ ಎಲ್ಲಿ?"

"ಹೋಗ್ಬಿಟ್ಟ, ಖಾಲಾ" ಎಂದಳು ಇನ್ಶಿರಾಹ್. "ನನ್ನಿಂದಾನೇ ಹೋಗ್ಬಿಟ್ಟ."

ದೌಲತ್‌ಳ ಗಂಟಲಿನಿಂದ ಹೊರಟ ಕೂಗಿಗೆ ಬೀದಿಯ ಬೆಕ್ಕುಗಳು ಚೆಲ್ಲಾಪಿಲ್ಲಿಯಾದವು. ನೆಲಕ್ಕೆ ಕುಸಿದು ಎದೆ ಬಡಿದುಕೊಂಡಳು. ನನ್ನ ಸಿಂಹ ಸತ್ತ, ನನ್ನ ಮನೆಯ ಕಂಬ ಮುರಿಯಿತು ಎಂದು ಹಾಡಿ ಹಾಡಿ ಅಳತೊಡಗಿದಳು.

ಇನ್ಶಿರಾಹ್ ಅವಳನ್ನೇ ನೋಡಿದಳು. ಹೆತ್ತವಳೇ ಅಳುತ್ತಿದ್ದಾಳೆಂದರೆ ಹಡಗಿನಿಂದ ಸುದ್ದಿ ಮೊದಲು ಅವಳಿಗೇ ಬಂದಿರಬೇಕು. ಶಾಫ್ಟು ತಿರುಗಿತೇ? ಸರಪಳಿ ಕಳಚಿತೇ? ಈಗ ತಾನೇ ಇಲ್ಲಿ ನಿಂತು ತಟ್ಟಿ ನೋಡು ಎಂದವನು. ಹೆರೆಯುವ ಉಳಿ ಕೈಯಿಂದ ಜಾರಿತು. ಅಳು ಕೂಡ ನಿಂತುಹೋಯಿತು.

"ನಾನು ಒಪ್ಪಿದ್ದೆ" ಎಂದಳು ಕೊನೆಗೆ, ಯಾರಿಗೆ ಹೇಳುತ್ತಿದ್ದೇನೆಂದೂ ತಿಳಿಯದೆ. "ಅವನು ಕೇಳಿದ ಮೊದಲ ದಿನಾನೇ ಒಪ್ಪಿದ್ದೆ. ಒಂದು ಸಲಾನೂ ಬಾಯಿಬಿಟ್ಟು ಹೇಳ್ಲಿಲ್ಲ. ನಿಮ್ಮ ಮಾತಿಗೆ ಹೆದರಿಬಿಟ್ಟೆ, ಖಾಲಾ."

"ಯಾವ ಮಾತು?"

"ನೀಲಿ ಕೈಯ ಮಾತು."

ದೌಲತ್‌ಳ ಅಳು ತಟಕ್ಕನೆ ನಿಂತಿತು. ತಾನು ಆಡಿದ್ದು ಅವಳಿಗೆ ನೆನಪಿಗೆ ಬಂತು. ತೆವಳಿಕೊಂಡು ಬಂದು ಹುಡುಗಿಯ ಆ ನೀಲಿ ಕೈಗಳನ್ನು ತನ್ನ ಮುಖಕ್ಕೆ ಒತ್ತಿಕೊಂಡಳು.

"ನನ್ನ ನಾಲಿಗೆ ಸುಟ್ಟುಹೋಗ್ಲಿ. ಅವನೊಬ್ಬ ಎದ್ದು ಬರ್ಲಿ, ಇದೇ ಕೈ ಹಿಡ್ಕೊಂಡು ನಿನ್ನ ಮನೆ ತುಂಬಿಸ್ಕೋತೀನಿ. ಅಲ್ಲಾಹ್ ಕೇಳಿಸ್ಕೋತಿದ್ದಾನೆ."

ಆ ಹೊತ್ತಿಗೆ ಬಾಗಿಲಲ್ಲಿ ನೆರಳು ಬಿತ್ತು. ಟೋಪಿ ಕೈಯಲ್ಲಿ ಹಿಡಿದು, ತಲೆ ತಗ್ಗಿಸಿಕೊಂಡು ಶಾಜ್ಲಿ ನಿಂತಿದ್ದ. ಬೇರೆ ಯಾರನ್ನೂ ಕಳಿಸಲು ಅವನಿಗೆ ಮನಸ್ಸಾಗಿರಲಿಲ್ಲ. ಬಂದು ನೋಡಿದರೆ ತಾಯಿಯ ಮುಖವೂ ನೀಲಿ, ಇನ್ಶಿರಾಹ್‌ಳ ಮುಖವೂ ನೀಲಿ. ಉಸ್ತಾ ಮೆತ್ವಲ್ಲಿ ಎಲ್ಲೂ ಕಾಣುತ್ತಿಲ್ಲ.

"ಅವರ ಉಳಿದ ಆಯುಸ್ಸು ನಿನಗೆ ಸೇರ್ಲಿ, ಇನ್ಶಿರಾಹ್" ಎಂದ, ಸಾವಿನ ಮನೆಯಲ್ಲಿ ಹೇಳುವ ಹಾಗೆ. "ಉಸ್ತಾ ನನಗೂ ಅಪ್ಪನೇ ಆಗಿದ್ರು."

"ಯಾರು ಆಗಿದ್ದು?" ಎನ್ನುತ್ತ ಹಿಂದಿನ ಕುಲುಮೆಯ ಕೋಣೆಯಿಂದ ಮೆತ್ವಲ್ಲಿ ಹೊರಬಂದ, ಕೈಯಲ್ಲಿ ಲೋಹ ಎರೆಯುವ ಸೌಟು. ಜೀವಮಾನವೆಲ್ಲ ಸುತ್ತಿಗೆಯ ಸದ್ದು ಕೇಳಿ ಅವನ ಕಿವಿ ಮಂದವಾಗಿತ್ತು. ಬಾಗಿಲ ಹತ್ತಿರ ಬಂದಾಗ ಕಿವಿಗೆ ಬಿದ್ದ ಈ ಕೊನೆಯ ಮಾತು ಬಿಟ್ಟರೆ, ಇಷ್ಟು ರಂಪದಲ್ಲಿ ಅವನಿಗೆ ಒಂದಕ್ಷರವೂ ಕೇಳಿಸಿರಲಿಲ್ಲ.

ದೌಲತ್ ಬಾಯಿ ತೆರೆದವಳು ಮುಚ್ಚಲಿಲ್ಲ. ಶಾಜ್ಲಿ ಉಸ್ತಾನನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದ.

ಇನ್ಶಿರಾಹ್ ಎದ್ದಳು. ಹತ್ತಿರ ಹೋಗಿ ಶಾಜ್ಲಿಯ ಎದೆಯ ಮೇಲೆ ಅಂಗೈ ಒತ್ತಿ ನಿಂತಳು. ಒಳಗೆ ಬಡಿಯುತ್ತಿತ್ತು, ಜೋರಾಗಿ. ಅಪ್ಪ ಎದುರಿಗಿದ್ದಾನೆ, ಅವನ ತಾಯಿ ನೋಡುತ್ತಿದ್ದಾಳೆ ಎಂಬುದೆಲ್ಲ ಅವಳಿಗೆ ಆಮೇಲೆ ಹೊಳೆಯಿತು.

"ತಟ್ಟಿ ನೋಡಿದೆ" ಎಂದಳು ಮೆಲ್ಲಗೆ. "ಸರಿಯಾಗೇ ಕೂಡ್ಕೊಂಡಿದೆ. ಹೂಂ, ಶಾಜ್ಲಿ. ಹೂಂ."

ಅವನು ಉತ್ತರ ಕೊಡುವ ಮೊದಲೇ ದೌಲತ್ ಬಂದು ಮಗನ ಕೆನ್ನೆಗೆ ಒಂದು ಬಿಗಿದಳು. ಬದುಕಿದ್ದುಕೊಂಡು ಇಷ್ಟು ಹೊತ್ತು ಎಲ್ಲಿ ಸಾಯುತ್ತಿದ್ದೆ ಎಂದು ಬೈದಳು. ಬೈಯುತ್ತಲೇ ತಬ್ಬಿಕೊಂಡಳು. ತಬ್ಬಿಕೊಂಡವಳ ಕಣ್ಣು ಅವನ ಅಂಗಿಯ ಮೇಲೆ ನಿಂತಿತು. ಎದೆಯ ಮೇಲೆ ಐದು ನೀಲಿ ಬೆರಳುಗಳು ಸ್ಪಷ್ಟವಾಗಿ ಮೂಡಿದ್ದವು.

ಕೆಟ್ಟ ಕಣ್ಣು ತಾಗದಿರಲೆಂದು ಅವಳ ಊರಿನ ಹೆಂಗಸರು ಮಕ್ಕಳ ಕೊರಳಿಗೆ ಕಟ್ಟುವುದೂ ಐದು ಬೆರಳಿನ ನೀಲಿ ಕೈಯನ್ನೇ. ದೌಲತ್ ತುಂಬ ಹೊತ್ತು ಅದನ್ನೇ ನೋಡಿದಳು. ಇಷ್ಟು ವರ್ಷ ತನಗೆ ಇದೇಕೆ ಹೊಳೆಯಲಿಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

ಇನ್ಶಿರಾಹ್ ಗಡಿಬಿಡಿಯಿಂದ ಸೀಮೆಎಣ್ಣೆಯ ಡಬ್ಬಿಗೆ ಕೈ ಚಾಚಿದಳು. ದೌಲತ್ ಅವಳ ಮಣಿಕಟ್ಟು ಹಿಡಿದಳು.

"ತೊಳ್ಕೋಬೇಡ. ಹಂಗೇ ಬಾ."

ಹಡಗು ಕಾಯುತ್ತಿದೆಯಲ್ಲ ಎಂದು ಮೆತ್ವಲ್ಲಿ ಗೊಣಗಿದ. ಕಾಯಲಿ, ಅದಕ್ಕೇನು ಎಂದಳು ದೌಲತ್.

ಬೀದಿಯಲ್ಲಿ ಎಲ್ಲರೂ ನೋಡುವಂತೆ ಆ ಕೈ ಹಿಡಿದು ಅವಳು ಮುಂದೆ ನಡೆದಳು, ಶಾಜ್ಲಿ ಹಿಂದೆ. ತನ್ನ ಮನೆಯ ಮುಂದೆ ನಿಂತು, ಸುಣ್ಣ ಬಳಿದ ಗೋಡೆಗೆ, ಬಾಗಿಲ ಪಕ್ಕದಲ್ಲೇ, ಸೊಸೆಯಾಗುವವಳ ಅಂಗೈಯನ್ನು ತಾನೇ ಹಿಡಿದು ಒತ್ತಿದಳು.

"ಗಟ್ಟಿಯಾಗಿ ಒತ್ತು" ಎಂದಳು. "ಅಳಿಸಿಹೋಗ್ಬಾರ್ದು."